ಪವಾಡದ ಬೂದಿ, ಕಾಯಕದ ವಿಭೂತಿ

ಶೀಳನೆರೆ ಹೋಬಳಿಯು ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ್ದು. ಪಾಂಡವಪುರವು ಅದರ ನೆರೆಯ ತಾಲ್ಲೂಕು. ಹಿರೋಡೆ ಎಂಬುದು ಪಾಂಡವಪುರದ ಹಳೆಯ ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದ ಕಾರಣ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಕಬ್ಬು, ಭತ್ತ ಮತ್ತು ನಾಲೆಯ ನೀರಿನ ಈ ಸೀಮೆಯ ಹೆಸರು 1976ರಲ್ಲಿ ಬೇರೊಂದು ಕಾರಣಕ್ಕೆ ನಾಡಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಪಾಂಡವಪುರದ ಒಬ್ಬ ಎಳೆಯ ಬಾಲಕನ ಅಂಗೈಯಿಂದ ವಿಭೂತಿ ಉದುರುತ್ತದೆ ಎಂಬ ಸುದ್ದಿ ಹಬ್ಬಿ, ಜನರು ತಂಡೋಪತಂಡವಾಗಿ ಅಲ್ಲಿಗೆ ಹೋಗತೊಡಗಿದ್ದರು. ಆ ಬಾಲಕನ ಹೆಸರು ಅಂದಿನ ಬರಹಗಳಲ್ಲಿ ದಾಖಲಾಗಿದೆ. ಆದರೆ ಇಲ್ಲಿ ಅದನ್ನು ಎತ್ತುವ ಅಗತ್ಯವಿಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ ದೇವರಾಗಿ ಕೂರಿಸಲ್ಪಟ್ಟ ಮಗುವಿನ ಮೇಲೆ ಆ ಭಾರವನ್ನು ಜೀವನಪರ್ಯಂತ ಹೊರಿಸುವುದು ನ್ಯಾಯವಲ್ಲ.

ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಒಂದು ಸಮಿತಿಯನ್ನು ರಚಿಸಿದ್ದರು. ಪವಾಡಗಳನ್ನೂ, ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವೈಚಾರಿಕವಾಗಿ ಮತ್ತು ವೈಜ್ಞಾನಿಕವಾಗಿ ತನಿಖೆ ಮಾಡುವುದು ಅದರ ಉದ್ದೇಶ. ಇದರಲ್ಲಿ ‘ಪರೀಕ್ಷೆಗೆ ಒಳಪಡಿಸಬಹುದಾದ’ ಎಂಬ ಮಾತನ್ನು ಅನೇಕರು ಮರೆಯುತ್ತಾರೆ. ದೇವರು ಇದ್ದಾನೆಯೇ, ಭಕ್ತಿಗೆ ಫಲವುಂಟೇ ಎಂಬ ಪ್ರಶ್ನೆಗಳನ್ನು ಸಮಿತಿ ಕೈಗೆತ್ತಿಕೊಳ್ಳಲಿಲ್ಲ. ಬರಿಗೈಯಿಂದ ಬೂದಿ ಬಂದಿತೆಂದರೆ ಕೈ ನಿಜವಾಗಿಯೂ ಬರಿದಾಗಿತ್ತೇ ಎಂದು ನೋಡುವುದಷ್ಟೇ ಅದರ ಕೆಲಸವಾಗಿತ್ತು. ಈ ಎರಡರ ನಡುವಿನ ಅಂತರವನ್ನು ಅರಿಯದವರು ನರಸಿಂಹಯ್ಯನವರನ್ನು ಧರ್ಮದ್ವೇಷಿಯೆಂದು ಜರೆದರು.

ಅವರ ಬದುಕು ಬಲ್ಲವರಿಗೆ ಆ ಜರೆಯುವಿಕೆ ಸಲ್ಲದೆಂದು ತಿಳಿದಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡವರು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಮೇಲೂ ಖಾದಿ ಜುಬ್ಬ ಮತ್ತು ಗಾಂಧಿ ಟೋಪಿಯನ್ನು ಬಿಡಲಿಲ್ಲ. ಬ್ರಹ್ಮಚಾರಿಯಾಗಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಬಾಳಿದರು. ಬೆಂಗಳೂರು ಸೈನ್ಸ್ ಫೋರಂ ಅನ್ನು 1962ರಲ್ಲಿ ಆರಂಭಿಸಿದರು. 1984ರಲ್ಲಿ ಪದ್ಮಭೂಷಣ ಪುರಸ್ಕೃತರಾದರು. 2005ರ ಜನವರಿ 31ರಂದು ದೇಹ ಬಿಟ್ಟರು. ತಮಗೆಂದು ಏನನ್ನೂ ಕೂಡಿಡದೆ ದುಡಿಮೆಯನ್ನೇ ಬದುಕಾಗಿಸಿಕೊಂಡ ಇಂಥವರನ್ನು ನಾಸ್ತಿಕರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಶರಣಮಾರ್ಗಿಗಳಿಗೆ ಸುಲಭವಾಗಬಾರದು.

ಸಮಿತಿಯವರು ಪಾಂಡವಪುರಕ್ಕೆ ಹೋಗಿ ಬಾಲಕನನ್ನು ಪರೀಕ್ಷಿಸಿದಾಗ ಕಂಡದ್ದು ಬಹು ಸರಳವಾದ ಸಂಗತಿ. ಬೂದಿಯನ್ನು ಬಟ್ಟೆಯೊಳಗೆ ಅಡಗಿಸಿಡಲಾಗಿತ್ತು. ಮಗುವಿನ ಕೈ ಅಲ್ಲಿಗೆ ಹೋಗಿ ಬರುತ್ತಿತ್ತು, ನೆರೆದವರ ಕಣ್ಣು ಮಾತ್ರ ಅಲ್ಲಿಗೆ ಹೋಗುತ್ತಿರಲಿಲ್ಲ. ಇಷ್ಟನ್ನು ಕಂಡುಹಿಡಿಯಲು ಭೌತವಿಜ್ಞಾನದ ಸೂಕ್ಷ್ಮ ಉಪಕರಣಗಳಾವುವೂ ಬೇಕಾಗಲಿಲ್ಲ. ಅಂಗಿಯನ್ನು ನೋಡುವ ಧೈರ್ಯವೊಂದೇ ಬೇಕಾಗಿತ್ತು. ಆ ಧೈರ್ಯ ಅಲ್ಲಿ ಕೈಮುಗಿದು ನಿಂತಿದ್ದ ಜನರಲ್ಲಿ ಏಕೆ ಇರಲಿಲ್ಲ ಎಂಬುದೇ ಯೋಚಿಸತಕ್ಕ ವಿಷಯ. ಅವರು ದಡ್ಡರಾಗಿರಲಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡದೆ, ಸುಳಿ ನೋಡದೆ, ನಡೆಸಿ ನೋಡದೆ ಹಣ ಬಿಚ್ಚುವ ರೈತ ಈ ಸೀಮೆಯಲ್ಲಿ ಇಲ್ಲ. ಆದರೆ ದೇವರ ಹೆಸರು ಬಂದೊಡನೆ ನೋಡುವುದೇ ಅಪಚಾರವೆಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು.

ಬರಿಗೈಯಲ್ಲಿ ಬೂದಿ ತೋರಿಸುವ ವಿದ್ಯೆ ಜಾದೂಗಾರರಿಗೆ ಹೊಸದಲ್ಲ. ನಯವಾಗಿ ಸೋಸಿದ ಬೂದಿಯನ್ನು ಅನ್ನದ ಗಂಜಿಯಲ್ಲಿ ಕಲಸಿ, ಸಣ್ಣ ಗುಳಿಗೆಗಳನ್ನಾಗಿ ಮಾಡಿ ಒಣಗಿಸುತ್ತಾರೆ. ಗುಳಿಗೆಯನ್ನು ಹೆಬ್ಬೆರಳಿನ ಬುಡದಲ್ಲಿಯೋ ಎರಡು ಬೆರಳುಗಳ ಸಂದಿಯಲ್ಲಿಯೋ ಸಿಕ್ಕಿಸಿಕೊಂಡರೆ ಅಂಗೈ ಬಿಚ್ಚಿ ತೋರಿಸಿದರೂ ಎದುರಿನವರಿಗೆ ಕಾಣುವುದಿಲ್ಲ. ಕೈಯನ್ನು ಗಾಳಿಯಲ್ಲಿ ವೃತ್ತಾಕಾರವಾಗಿ ಆಡಿಸುವಾಗ ನೋಡುಗರ ದೃಷ್ಟಿ ಕೈಯ ಚಲನೆಯನ್ನು ಹಿಂಬಾಲಿಸುತ್ತದೆ. ಆ ಹೊತ್ತಿನಲ್ಲಿ ಬೆರಳುಗಳು ಗುಳಿಗೆಯನ್ನು ಪುಡಿಮಾಡುತ್ತವೆ. ಒಂದು ಗುಳಿಗೆಯಿಂದ ಹಲವರ ಹಣೆಗೆ ಹಚ್ಚುವಷ್ಟು ಪುಡಿ ಬರುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಕೈ ಇದನ್ನು ಎಷ್ಟು ಸಹಜವಾಗಿ ಮಾಡುತ್ತದೆಂದರೆ, ಗುಟ್ಟು ತಿಳಿದವರೂ ಒಮ್ಮೊಮ್ಮೆ ಬೆರಗಾಗುತ್ತಾರೆ. ಕೌಶಲವೆಂಬ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದೇ.

ಇದರ ಪಕ್ಕದಲ್ಲಿ ಲಿಂಗವಂತರ ಮನೆಯ ವಿಭೂತಿ ಹೇಗೆ ಬರುತ್ತದೆಂಬುದನ್ನು ಇಟ್ಟು ನೋಡಬೇಕು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿ ತಾಲ್ಲೂಕಿನಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ವಿಭೂತಿ ತಯಾರಿಕೆಗೆ ನಾಡಿನಲ್ಲೆಲ್ಲ ಹೆಸರಾದದ್ದು. ಗೋಶಾಲೆಯ ಸಗಣಿಯನ್ನು ಸಂಗ್ರಹಿಸಿ, ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿಯಲು ಬಿಟ್ಟು, ತಿಳಿನೀರನ್ನು ಬಸಿದು, ಉಳಿದ ನಯವಾದ ಭಸ್ಮವನ್ನು ಗಟ್ಟಿಗಳನ್ನಾಗಿ ಮಾಡಿ ಒಣಗಿಸುತ್ತಾರೆ. ಹಸು, ಹುಲ್ಲು, ಬೆಂಕಿ, ನೀರು, ಬಿಸಿಲು ಮತ್ತು ಮನುಷ್ಯನ ಕೈ, ಇಷ್ಟೂ ಸೇರಿದರೆ ಒಂದು ವಿಭೂತಿ ಗಟ್ಟಿ. ಇದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ನೋಡಬೇಕೆಂದು ಬಂದವರಿಗೆ ಒಲೆಯ ಬಾಯಿಯಿಂದ ಒಣಗುವ ಹಲಗೆಯವರೆಗೆ ತೋರಿಸಬಹುದು. ಅಷ್ಟಾವರಣಗಳಲ್ಲಿ ವಿಭೂತಿಗೆ ಸ್ಥಾನ ದೊರೆತದ್ದು ಅದು ಎಲ್ಲಿಂದಲೋ ಇದ್ದಕ್ಕಿದ್ದಂತೆ ಉದುರಿತೆಂಬ ಕಾರಣಕ್ಕಲ್ಲ. ಸುಡಬೇಕಾದುದೆಲ್ಲ ಸುಟ್ಟುಹೋದ ಮೇಲೆ ಉಳಿಯುವ ಶುಭ್ರತೆಯ ಕುರುಹಾಗಿ ಅದನ್ನು ಹಣೆಯಲ್ಲಿ ಧರಿಸುತ್ತಾರೆ. ಆದುದರಿಂದ ಪಾಂಡವಪುರದ ಪ್ರಸಂಗದಲ್ಲಿ ಮೋಸಹೋದದ್ದು ಜನರಷ್ಟೇ ಅಲ್ಲ, ವಿಭೂತಿಯ ಅರ್ಥವೂ ಮೋಸಹೋಯಿತು.

ನರಸಿಂಹಯ್ಯನವರ ಸಮಿತಿಯ ಹೆಸರು ಪಾಂಡವಪುರಕ್ಕಿಂತಲೂ ಹೆಚ್ಚಾಗಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಂದ ಪ್ರಸಿದ್ಧವಾಯಿತು. ಸಮಿತಿಯ ಎದುರಿನಲ್ಲಿ, ಪರೀಕ್ಷೆಯ ನಿಯಮಗಳಿಗೆ ಒಳಪಟ್ಟು ತಮ್ಮ ಶಕ್ತಿಯನ್ನು ತೋರಿಸಬೇಕೆಂದು ಕೋರಿ ಅವರು ಮೂರು ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಕೈಯಲ್ಲಿ ಅಡಗುವ ಉಂಗುರ, ಬೂದಿಗಳ ಬದಲು ಅಡಗಿಸಲಾಗದ ಒಂದು ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂಬ ನರಸಿಂಹಯ್ಯನವರ ಮಾತು ಆಗ ಮನೆಮಾತಾಯಿತು. ನಗೆ ಹುಟ್ಟಿಸುವ ಮಾತೆಂದು ಹಲವರು ಅದನ್ನು ನೆನೆಯುತ್ತಾರೆ. ವಾಸ್ತವವಾಗಿ ಅದರಲ್ಲಿ ಬಿಗಿಯಾದ ತರ್ಕವಿದೆ. ಸೃಷ್ಟಿಸುವ ಶಕ್ತಿಗೆ ಗಾತ್ರದ ಮಿತಿ ಇರಲಾರದು, ಬಚ್ಚಿಡುವ ಕೌಶಲಕ್ಕೆ ಮಾತ್ರ ಆ ಮಿತಿ ಇರುತ್ತದೆ.

ಸಾಯಿಬಾಬಾ ಅವರು ಅದೇ 1976ರಲ್ಲಿ ಬ್ಲಿಟ್ಜ್ ಪತ್ರಿಕೆಯ ಸಂಪಾದಕ ಆರ್. ಕೆ. ಕರಂಜಿಯಾ ಅವರಿಗೆ ನೀಡಿದ ಸಂದರ್ಶನದಲ್ಲಿ ತಮ್ಮ ನಿಲುವನ್ನು ತಿಳಿಸಿದರು. ವಿಜ್ಞಾನದ ವಿಚಾರಣೆ ಇಂದ್ರಿಯಗೋಚರವಾದುದಕ್ಕೆ ಸೀಮಿತವಾಗಿರಬೇಕು, ಅಧ್ಯಾತ್ಮವು ಇಂದ್ರಿಯಗಳನ್ನು ಮೀರಿದ್ದು, ಅದನ್ನು ಅಧ್ಯಾತ್ಮದ ದಾರಿಯಿಂದಲೇ ಅರಿಯಬೇಕು ಎಂಬುದು ಅವರ ವಾದದ ತಿರುಳು. ಅಧ್ಯಾತ್ಮವು ಇಂದ್ರಿಯಾತೀತವೆಂಬ ಮಾತನ್ನು ಶರಣರೂ ಒಪ್ಪಿಯಾರು. ಆದರೆ ಅಂಗೈಯ ಬೂದಿ ಇಂದ್ರಿಯಾತೀತವಲ್ಲ. ಅದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಅಂಟುತ್ತದೆ. ಇಂದ್ರಿಯಗಳ ಎದುರಿಗೆ ಇಟ್ಟ ವಸ್ತುವನ್ನು ಇಂದ್ರಿಯಗಳು ಪರೀಕ್ಷಿಸಬಾರದೆಂದರೆ ಆ ವಾದ ನಿಲ್ಲುವುದು ಕಷ್ಟ. ಇದೇ ಸಂಸ್ಥೆಯವರು ಮುಂದೆ 1990ರ ದಶಕದಲ್ಲಿ ಬರಪೀಡಿತ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕುಡಿಯುವ ನೀರನ್ನು ಒದಗಿಸಿದರು, ಪುಟ್ಟಪರ್ತಿಯಲ್ಲಿಯೂ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿಯೂ ಉಚಿತ ಆಸ್ಪತ್ರೆಗಳನ್ನು ಕಟ್ಟಿದರು. ಆ ನೀರು ಗಾಳಿಯಿಂದ ಬರಲಿಲ್ಲ. ಕೊಳವೆ ಹೂಳಿದರು, ಪಂಪು ಕೂರಿಸಿದರು, ಎಂಜಿನಿಯರುಗಳು ಬೆವರು ಸುರಿಸಿದರು. ದಾಹದ ಊರಿಗೆ ನೀರು ತಂದವರನ್ನು ಹೊಗಳಲು ಬೂದಿಯ ಸಾಕ್ಷ್ಯ ಏಕೆ ಬೇಕಾಯಿತೆಂಬುದು ಅರ್ಥವಾಗದ ಸಂಗತಿ.

ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾದವಿವಾದ ನಡೆದು, 1977ರಲ್ಲಿ ಸಮಿತಿ ವಿಸರ್ಜನೆಗೊಂಡಿತು. ಪಾಂಡವಪುರದ ಪರೀಕ್ಷೆಯೊಂದನ್ನು ಬಿಟ್ಟರೆ ಅದು ಸಾಧಿಸಿದ್ದು ಅಲ್ಪವೆಂದು ಹೇಳುವವರಿದ್ದಾರೆ. ಸಮಿತಿಯ ಧಾಟಿ ವಿಚಾರಣೆಗಿಂತ ಸವಾಲಿನದಾಯಿತು ಎಂಬ ಟೀಕೆಯಲ್ಲಿಯೂ ಸ್ವಲ್ಪ ಹುರುಳಿದೆ. ಸವಾಲು ಹಾಕಿಸಿಕೊಂಡವನು ಬಾಗಿಲು ಮುಚ್ಚಿಕೊಳ್ಳುವುದು ಸಹಜ. ಆದರೆ ಮುಚ್ಚಿದ ಬಾಗಿಲನ್ನು ಹೊರಗಿನಿಂದ ನೋಡಿದ ಜನರೂ ತಮ್ಮದೊಂದು ನಿರ್ಣಯಕ್ಕೆ ಬರುತ್ತಾರೆಂಬುದು ಅಷ್ಟೇ ಸಹಜ. ಕೇರಳದಲ್ಲಿ ಹುಟ್ಟಿ ಶ್ರೀಲಂಕೆಯಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅಬ್ರಹಾಂ ಕೋವೂರರು (1898–1978) ಅತೀಂದ್ರಿಯ ಶಕ್ತಿಯನ್ನು ಮೋಸಕ್ಕೆ ಎಡೆಯಿಲ್ಲದಂತೆ ತೋರಿಸುವವರಿಗೆ 1963ರಲ್ಲಿಯೇ ಒಂದು ಲಕ್ಷ ರೂಪಾಯಿಗಳ ಬಹುಮಾನ ಘೋಷಿಸಿದ್ದರು. ಅವರು ತೀರಿಕೊಳ್ಳುವವರೆಗೂ ಆ ಹಣವನ್ನು ಯಾರೂ ಗೆಲ್ಲಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಇಂಥ ತನಿಖೆಗಳಲ್ಲಿ ವಿಜ್ಞಾನಿಗಿಂತ ಜಾದೂಗಾರನೇ ಹೆಚ್ಚು ನೆರವಾಗುತ್ತಾನೆ. ವಿಜ್ಞಾನಿಯು ಕಲ್ಲು, ಲೋಹ, ಬೆಳಕುಗಳೊಡನೆ ವ್ಯವಹರಿಸುವವನು. ಅವು ಅವನಿಗೆ ಸುಳ್ಳು ಹೇಳುವುದಿಲ್ಲ. ಬೇಕೆಂದೇ ಮೋಸ ಮಾಡುವ ವಸ್ತುವನ್ನು ಎದುರಿಸುವ ಅಭ್ಯಾಸ ಅವನಿಗಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಶಕ್ತಿಗಳ ಸಂಶೋಧನೆಗೆ ಐದು ಲಕ್ಷ ಡಾಲರುಗಳ ದತ್ತಿ ದೊರೆತಾಗ, ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರು ಜಾದೂ ಬಲ್ಲ ಇಬ್ಬರು ಹುಡುಗರನ್ನು ಅಲ್ಲಿಗೆ ಕಳುಹಿಸಿದರು. ಮನಶ್ಶಕ್ತಿಯಿಂದ ಚಮಚ ಬಾಗಿಸುತ್ತೇವೆಂದು ಹೇಳಿಕೊಂಡ ಆ ಹುಡುಗರು 1979ರಿಂದ ವರ್ಷಗಟ್ಟಲೆ ಸಂಶೋಧಕರನ್ನು ನಂಬಿಸಿದರು. 1983ರಲ್ಲಿ ರ‍್ಯಾಂಡಿಯವರೇ ಗುಟ್ಟನ್ನು ಹೊರಗೆಡವಿದಾಗ ಪ್ರಯೋಗಾಲಯದವರಿಗೆ ಮುಖ ಎತ್ತದಂತಾಯಿತು. ಇಂಥ ಶಕ್ತಿ ತನಗಿದೆಯೆಂದು ಜಗತ್ಪ್ರಸಿದ್ಧನಾಗಿದ್ದ ಯೂರಿ ಗೆಲ್ಲರ್ ಕೂಡ 1973ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಏನೂ ಮಾಡಲಾಗದೆ ಕುಳಿತ. ಕಾರ್ಯಕ್ರಮದ ನಿರೂಪಕ ಜಾನಿ ಕಾರ್ಸನ್ ತಾನೇ ಹಿಂದೆ ಜಾದೂಗಾರನಾಗಿದ್ದವನು. ಚಮಚ ಮುಂತಾದ ಸಾಮಗ್ರಿಗಳನ್ನು ಗೆಲ್ಲರ್ ಮೊದಲೇ ಮುಟ್ಟದಂತೆ ರ‍್ಯಾಂಡಿಯವರ ಸಲಹೆಯಂತೆ ನೋಡಿಕೊಂಡಿದ್ದ. ಅದಕ್ಕೂ ಐವತ್ತು ವರ್ಷಗಳ ಹಿಂದೆ, 1924ರಲ್ಲಿ, ಸತ್ತವರೊಡನೆ ಮಾತನಾಡಿಸುತ್ತೇನೆನ್ನುತ್ತಿದ್ದ ಬಾಸ್ಟನ್ ನಗರದ ಮಹಿಳೆಯೊಬ್ಬಳ ಕೈಚಳಕವನ್ನು ಹಿಡಿದು ತೋರಿಸಿದವನೂ ಜಾದೂಗಾರನೇ, ಹ್ಯಾರಿ ಹೌಡಿನಿ.

ಜಾದೂಗಾರನೂ ಕಣ್ಣಿಗೆ ಮಣ್ಣೆರಚುವವನೇ ಅಲ್ಲವೇ? ಅವನಿಗೂ ಪವಾಡಪುರುಷನೆಂದು ಕರೆದುಕೊಳ್ಳುವವನಿಗೂ ಏನು ವ್ಯತ್ಯಾಸ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಶರಣಸಮೂಹದಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ವೇಷ ಧರಿಸಿ, ಬಗೆಬಗೆಯ ಪಾತ್ರಗಳನ್ನು ಆಡಿ ತೋರಿಸುವುದು ಅವರ ಕಾಯಕ. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಅವರು ತಮ್ಮ ವೃತ್ತಿಯ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಮಾಡಿಕೊಂಡವರು. ತಾನಲ್ಲದ್ದನ್ನು ತಾನೆಂದು ತೋರಿಸುವ ಈ ಕಲೆಯನ್ನು ಶರಣರು ಅಸತ್ಯವೆಂದು ತಳ್ಳಲಿಲ್ಲ, ಕಾಯಕವೆಂದು ಗೌರವಿಸಿದರು. ಬಹುರೂಪಿಯು ಅರಸನ ವೇಷದಲ್ಲಿ ಬಂದು ನಿಂತಾಗ ನೋಡುವವನಿಗೂ ಆಡುವವನಿಗೂ ಅದು ವೇಷವೆಂದು ಗೊತ್ತು. ಆ ತಿಳಿವಳಿಕೆಯ ಒಪ್ಪಂದದ ಮೇಲೆಯೇ ಆಟದ ಆನಂದ ನಿಂತಿದೆ. ಅದೇ ಬಹುರೂಪಿಯು ವೇಷವನ್ನು ಕಳಚದೆ ಅರಸನಂತೆಯೇ ಊರಿನಿಂದ ಕಂದಾಯ ಎತ್ತತೊಡಗಿದರೆ ಆ ಕ್ಷಣದಲ್ಲಿ ಕಾಯಕ ಕಳ್ಳತನವಾಗುತ್ತದೆ.

ಮಂಡ್ಯದ ಸೀಮೆಯ ಹಳ್ಳಿಗಳಲ್ಲಿ ಮೋಡಿ ಆಡುವವರು, ಗಾರುಡಿಗರು ಇದ್ದರು. ಬೀದಿಯಲ್ಲಿ ಡೋಲು ಬಡಿದು, ಬಟ್ಟಲುಗಳ ಕೆಳಗೆ ಉಂಡೆಗಳನ್ನು ಮಾಯಮಾಡಿ, ಮಕ್ಕಳ ಕಿವಿಯಿಂದ ಕಾಸು ತೆಗೆದು, ಕೊನೆಗೆ ಬಟ್ಟೆ ಹಾಸಿ ಅಕ್ಕಿ, ರಾಗಿ, ಚಿಲ್ಲರೆಯನ್ನು ಬೇಡುತ್ತಿದ್ದರು. ಹೊಟ್ಟೆಪಾಡಿನ ವಿದ್ಯೆಯೆಂದು ಅವರೇ ಬಾಯಿಬಿಟ್ಟು ಹೇಳುತ್ತಿದ್ದರು. ಕಿವಿಯಿಂದ ಕಾಸು ತೆಗೆಯಬಲ್ಲವನು ಬೀದಿಯಲ್ಲಿ ಕಾಸು ಬೇಡುತ್ತಾನೆಂಬುದನ್ನು ಕಂಡೇ ಹಳ್ಳಿಯ ಮಕ್ಕಳು ವಿಚಾರವಾದದ ಮೊದಲ ಪಾಠ ಕಲಿತಿರಬೇಕು! ಇತ್ತೀಚಿನ ದಶಕಗಳಲ್ಲಿ ಹುಲಿಕಲ್ ನಟರಾಜ್ ಅವರು ಊರೂರು ಸುತ್ತಿ ಪವಾಡಗಳ ಗುಟ್ಟನ್ನು ಬಯಲಿಗಿಡುತ್ತ ಬಂದಿದ್ದಾರೆ. ಮಂಗಳೂರಿನ ನರೇಂದ್ರ ನಾಯಕರು, ಜೀವರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದವರು, ಅದೇ 1976ರಲ್ಲಿ ಆರಂಭವಾದ ದಕ್ಷಿಣ ಕನ್ನಡದ ವಿಚಾರವಾದಿಗಳ ಸಂಘದ ಮೂಲಕ ಈ ಕೆಲಸದಲ್ಲಿ ತೊಡಗಿದವರು. ಅರಿಸಿನದ ನೀರಿಗೆ ಸುಣ್ಣ ತಾಗಿದರೆ ರಕ್ತದ ಬಣ್ಣ ಬರುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದರೆ ಬೆಂಕಿಕಡ್ಡಿಯಿಲ್ಲದೆ ಜ್ವಾಲೆ ಏಳುತ್ತದೆ. ತೆಂಗಿನಕಾಯಿಯ ಜುಟ್ಟಿನಲ್ಲಿ ಸೋಡಿಯಂ ಲೋಹದ ತುಣುಕನ್ನಿಟ್ಟು ಮಂತ್ರಿಸಿದ ನೀರು ಚಿಮುಕಿಸಿದರೆ ಕಾಯಿ ಹೊತ್ತಿಕೊಳ್ಳುತ್ತದೆ. ಮಾಟ ತೆಗೆಯುತ್ತೇವೆಂದು ಸಾವಿರಾರು ರೂಪಾಯಿ ಕೀಳುವವರ ಬಂಡವಾಳವೆಲ್ಲ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಸಿಗುವಂಥದ್ದೇ.

ಇಷ್ಟು ಹೇಳಿದ ಮೇಲೆ ಸದ್ಭಕ್ತರ ಮನಸ್ಸಿನಲ್ಲಿ ಏಳುವ ಆಕ್ಷೇಪವನ್ನು ಬದಿಗೆ ಸರಿಸುವಂತಿಲ್ಲ. ಶಿವಶರಣರ ಚರಿತೆಗಳಲ್ಲಿಯೇ ಪವಾಡಗಳು ತುಂಬಿವೆಯಲ್ಲ? ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಜೋಳ ಮುತ್ತಾಗುವಂಥ ಪ್ರಸಂಗಗಳು ಒಂದರ ಹಿಂದೊಂದು ಬರುತ್ತವೆ. ಜಾತ್ರೆಗಳಲ್ಲಿ, ಪುರಾಣ ಪ್ರವಚನಗಳಲ್ಲಿ ಜನರು ಕಣ್ಣರಳಿಸಿ ಕೇಳುವುದು ಅವನ್ನೇ. ಬೂದಿಯ ಬಾಲಕನನ್ನು ಅಲ್ಲಗಳೆದು ಇವನ್ನು ಎತ್ತಿಹಿಡಿಯುವುದು ಇಬ್ಬಂದಿತನವಲ್ಲವೇ?

ಇದಕ್ಕೆ ಸುಲಭದ ಸಮಾಧಾನವಿಲ್ಲ. ಬಸವಣ್ಣನವರ ವಚನಗಳಿಗೂ ಬಸವಪುರಾಣಗಳಿಗೂ ನಡುವೆ ಕಾಲದ ಅಂತರವಿದೆ, ಪ್ರಕಾರದ ಅಂತರವಿದೆ. ವಚನಗಳಲ್ಲಿ ಪುರಾತನರ ಮಹಿಮೆಯನ್ನು ಕೊಂಡಾಡುವ ಮಾತುಗಳು ಇದ್ದರೂ, ತಮ್ಮ ವಿಷಯ ಬಂದಾಗ ಬಸವಣ್ಣನವರು ಬಹುಪಾಲು ಮಾತನಾಡುವುದು ತಮ್ಮ ಮನಸ್ಸಿನ ಚಾಂಚಲ್ಯವನ್ನು, ಕುಂದುಕೊರತೆಗಳನ್ನು ಕುರಿತು. ಪುರಾಣಕವಿಗಳಿಗೆ ಬೇಕಾಗಿದ್ದುದು ಕೇಳುಗರ ಎದೆಯಲ್ಲಿ ಬೆರಗನ್ನು ನಿಲ್ಲಿಸುವ ಕಥೆ. ಅವರು ಅದನ್ನು ಕಾವ್ಯವೆಂದೇ ಬರೆದರು. ಅದನ್ನು ತೋರಿಸಿ ಮನೆಮನೆಯಿಂದ ಹಣ ಎತ್ತಲಿಲ್ಲ, ರೋಗಿಯ ಔಷಧಿಯನ್ನು ನಿಲ್ಲಿಸಲಿಲ್ಲ. ಆದರೂ ಪುರಾಣದ ಬೆರಗನ್ನೇ ಇಂದಿನ ಅಂಗೈಯ ಬೂದಿಗೆ ಆಧಾರವಾಗಿ ತೋರಿಸುವವರಿದ್ದಾರೆಂಬುದನ್ನು ಪ್ರವಚನಕಾರರು ನೆನಪಿನಲ್ಲಿಡಬೇಕಾಗುತ್ತದೆ.

ಆ ಪುರಾಣಗಳೊಳಗೇ ಇರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಬಿಜ್ಜಳನ ಭಂಡಾರದ ಹಣವನ್ನು ಬಸವಣ್ಣನವರು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯವರು ದೂರುತ್ತಾರೆ. ಅರಸನು ಲೆಕ್ಕ ಕೇಳುತ್ತಾನೆ. ಬಸವಣ್ಣನವರು ಭಂಡಾರವನ್ನು ತೆರೆದು ಎಣಿಸಲು ಬಿಡುತ್ತಾರೆ, ಒಂದು ಹಣವೂ ಕಡಿಮೆ ಬರುವುದಿಲ್ಲ. ಕವಿಗಳ ಕಣ್ಣಿಗೆ ಇದು ಶಿವನ ಲೀಲೆ. ಹೋದ ಹಣ ಮರಳಿ ತುಂಬಿತು. ಆ ಲೀಲೆಯನ್ನು ಬದಿಗಿಟ್ಟು ನೋಡಿದರೂ ಕಥೆಯ ತಿರುಳು ಅಳಿಯುವುದಿಲ್ಲ. ನನ್ನನ್ನು ಸಂಶಯಿಸುವುದು ಶಿವದ್ರೋಹವೆಂದು ಬಸವಣ್ಣನವರು ಅರಸನನ್ನು ಹೆದರಿಸಲಿಲ್ಲ. ಬೀಗದ ಕೈಯನ್ನು ಕೊಟ್ಟರು. ಮೂರು ಪತ್ರಗಳಿಗೆ ಉತ್ತರ ಬಾರದ ಪ್ರಸಂಗದ ಪಕ್ಕದಲ್ಲಿ ಈ ಬೀಗದ ಕೈಯನ್ನು ಇಟ್ಟು ನೋಡಬಹುದು.

ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗವಂತೂ ಈ ವಿಷಯಕ್ಕೇ ಹೇಳಿ ಮಾಡಿಸಿದಂತಿದೆ. ಯೋಗಸಾಧನೆಯಿಂದ ವಜ್ರಕಾಯವನ್ನು ಪಡೆದಿದ್ದ ಗೋರಕ್ಷನು ತನ್ನ ಸಿದ್ಧಿಯ ಹೆಮ್ಮೆಯಲ್ಲಿ ಅಲ್ಲಮಪ್ರಭುಗಳ ಕೈಗೆ ಖಡ್ಗ ಕೊಟ್ಟು ಹೊಡೆಯಲು ಹೇಳುತ್ತಾನೆ. ಖಡ್ಗವು ಖಣಿಲೆಂದು ಹಿಂದಕ್ಕೆ ಪುಟಿಯುತ್ತದೆ, ದೇಹಕ್ಕೆ ಗಾಯವಾಗುವುದಿಲ್ಲ. ಬಳಿಕ ಗೋರಕ್ಷನು ಅಲ್ಲಮರ ಮೇಲೆ ಖಡ್ಗ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ಗಟ್ಟಿಯಾದ ಸದ್ದು ಬಂದದ್ದು ದೇಹವೆಂಬ ಹಮ್ಮು ಉಳಿದಿದ್ದರಿಂದ, ಸದ್ದು ಬಾರದ್ದು ಅದು ಅಳಿದಿದ್ದರಿಂದ. ಪವಾಡದ ಭಾಷೆಯಲ್ಲಿಯೇ ಪವಾಡದ ಹಮ್ಮನ್ನು ಮುರಿಯುವ ಕಥೆಯಿದು. ಸಂಪಾದನಕಾರರು ಇದನ್ನು ಅಲ್ಲಮರ ಶಕ್ತಿಪ್ರದರ್ಶನವೆಂದು ಹೇಳಲು ಹೊರಟಿಲ್ಲ. ಹಾಗೆ ಓದಿದರೆ ಗೋರಕ್ಷನಿಗಿಂತ ದೊಡ್ಡ ಗೋರಕ್ಷನೊಬ್ಬ ಸಿಗುತ್ತಾನೆಯೇ ಹೊರತು ಅಲ್ಲಮರು ಸಿಗುವುದಿಲ್ಲ.

ಬೂದಿ ಉದುರಿಸುವವರಿಗಿಂತ ಹೆಚ್ಚಾಗಿ ಇಂದು ಹಳ್ಳಿಗರು ಎದುರುಗೊಳ್ಳುವುದು ಭವಿಷ್ಯ ನುಡಿಯುವವರನ್ನು. ಹಿಂದೆ ಬೆಳಗಿನ ಜಾವ ಬುಡಬುಡಿಕೆಯವನು ಹಾಲಕ್ಕಿಯ ಶಕುನ ಹೇಳುತ್ತ ಬಾಗಿಲಿಗೆ ಬರುತ್ತಿದ್ದ. ಅವನಿಗೆ ಒಂದು ಮೊರ ರಾಗಿ, ಒಂದು ಹಳೆಯ ಅಂಗಿ ಸಾಕಾಗಿತ್ತು. ಈಗ ಬಸ್ ನಿಲ್ದಾಣದ ಗೋಡೆಯ ಮೇಲೆ, ಪತ್ರಿಕೆಯ ಜಾಹೀರಾತಿನಲ್ಲಿ, ಮೊಬೈಲಿನ ಪರದೆಯಲ್ಲಿ ಬರುವವರ ಬೇಡಿಕೆ ಅಷ್ಟಕ್ಕೆ ನಿಲ್ಲುವುದಿಲ್ಲ. ಅವರ ವಿದ್ಯೆ ಮಾತ್ರ ಹಳೆಯದೇ. ಎಲ್ಲರ ಮನೆಗೂ ಹೊಂದುವ ಮಾತಿನಿಂದ ಆರಂಭಿಸುತ್ತಾರೆ. ಮನೆಯಲ್ಲಿ ಒಬ್ಬರಿಗೆ ಆರೋಗ್ಯ ಸರಿಯಿಲ್ಲ, ಹತ್ತಿರದವರೇ ಕಣ್ಣು ಹಾಕಿದ್ದಾರೆ, ಕೈಗೆ ಬಂದದ್ದು ಬಾಯಿಗೆ ಬರುತ್ತಿಲ್ಲ. ಕೇಳುವವನ ಮುಖದ ಬಣ್ಣ ಬದಲಾದ ಕಡೆ ಮಾತನ್ನು ಹಿಡಿದು ಮುಂದುವರಿಯುತ್ತಾರೆ. ಉಳಿದುದನ್ನು ಕೇಳುವವನೇ ಬಾಯಿತಪ್ಪಿ ಹೇಳಿರುತ್ತಾನೆ. ಮನೆಗೆ ಬಂದ ಮೇಲೆ ಸರಿಯಾದ ಎರಡು ಮಾತುಗಳು ನೆನಪಿನಲ್ಲಿರುತ್ತವೆ, ತಪ್ಪಾದ ಇಪ್ಪತ್ತು ಮರೆತುಹೋಗಿರುತ್ತವೆ.

ಖಗೋಳ ವಿಜ್ಞಾನಿ ಜಯಂತ ನಾರಳೀಕರರು ಸಂಗಡಿಗರೊಡನೆ 2008ರಲ್ಲಿ ಮಹಾರಾಷ್ಟ್ರದಲ್ಲಿ ಜ್ಯೋತಿಷಿಗಳ ಹೇಳಿಕೆಯನ್ನು ಪರೀಕ್ಷಿಸಿದರು. ಪ್ರತಿಭಾವಂತರಾದ 100 ಮಕ್ಕಳ ಮತ್ತು ಬುದ್ಧಿಮಾಂದ್ಯರಾದ 100 ಮಕ್ಕಳ ಜಾತಕಗಳನ್ನು ಸಿದ್ಧಪಡಿಸಿ, ಅವುಗಳಿಂದ 40ರಂತೆ ಆಯ್ದು ಜ್ಯೋತಿಷಿಗಳಿಗೆ ಕಳುಹಿಸಿ, ಯಾವುದು ಯಾವ ಗುಂಪಿನದೆಂದು ಹೇಳಲು ಕೇಳಲಾಯಿತು. ಉತ್ತರ ಕಳುಹಿಸಿದ 27 ಮಂದಿಯ ಒಟ್ಟು ಯಶಸ್ಸು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ನೂರಕ್ಕೆ 50 ಬರುತ್ತಿತ್ತು. ಆ ಮಕ್ಕಳ ತಾಯಂದಿರಿಗೆ ಜಾತಕದ ನೆರವಿಲ್ಲದೆಯೇ ಎಲ್ಲವೂ ತಿಳಿದಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಷ್ಟವು ಹಣಕ್ಕೆ ಸೀಮಿತವಾಗಿದ್ದರೆ ಇಷ್ಟು ಬರೆಯುವ ಕಾರಣವಿರುತ್ತಿರಲಿಲ್ಲ. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಒಯ್ಯದೆ ಮಂತ್ರ ಹಾಕಿಸುತ್ತ ಕೂತರೆ ಜೀವ ಹೋಗುತ್ತದೆ. ನಿಧಿಯ ಆಸೆ ಹುಟ್ಟಿಸಿ ಪಾಳುಗುಡಿಗಳ ನೆಲ ಅಗೆಸುವವರು, ಅದಕ್ಕಾಗಿ ಬಲಿಯ ಮಾತು ಆಡುವವರು ಈ ನಾಡಿನಲ್ಲಿ ಇನ್ನೂ ಇದ್ದಾರೆ. ಕರ್ನಾಟಕದ ಶಾಸನಸಭೆ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ವಿಧೇಯಕವನ್ನು 2017ರಲ್ಲಿ ಅಂಗೀಕರಿಸಿತು. 2020ರಿಂದ ಅದು ಜಾರಿಗೆ ಬಂದಿತು. ಭಕ್ತಿಯ ಪೂಜೆ, ಹರಿಕಥೆ, ಭಜನೆಗಳನ್ನು ಕಾನೂನು ಮುಟ್ಟುವುದಿಲ್ಲ. ಹಾಗೆಯೇ ಜಾತ್ರೆಯಲ್ಲಿ ಕೊಂಡ ಹಾಯುವ ಭಕ್ತನನ್ನು ಮೋಸಗಾರರ ಸಾಲಿಗೆ ಸೇರಿಸುವುದೂ ಸಲ್ಲದು. ಇದ್ದಿಲ ಕೆಂಡವು ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ, ಹೆಜ್ಜೆ ಅಲ್ಲಿ ನಿಲ್ಲದಿರುವುದರಿಂದ ಅಂಗಾಲು ಸಾಮಾನ್ಯವಾಗಿ ಸುಡುವುದಿಲ್ಲವೆಂಬುದು ವಿಜ್ಞಾನದ ವಿವರಣೆ. ದೇವರನ್ನು ನಂಬದವರೂ ಕೆಂಡ ಹಾಯ್ದು ತೋರಿಸಿದ್ದಾರೆ. ಆದರೆ ಹರಕೆ ಹೊತ್ತು ಕೊಂಡ ಹಾಯುವವನು ನನಗೆ ಶಕ್ತಿ ಬಂದಿದೆ, ಕಾಣಿಕೆ ಇಡಿರೆಂದು ಹೇಳುವುದಿಲ್ಲ. ಹಾಯ್ದು, ಕಾಲು ತೊಳೆದು, ಮರುದಿನ ಗದ್ದೆಗೆ ಹೋಗುತ್ತಾನೆ.

ಇನ್ನು ಪಾಂಡವಪುರದಿಂದ ಆ ಬೂದಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಮನೆಗೆ ತಂದವರ ಮಾತು. ಕಾಯಿಲೆಯ ಮಗುವಿನ ಹಣೆಗೆ ಅದನ್ನು ಹಚ್ಚಿದ ತಾಯಂದಿರು ಸುತ್ತಲ ಊರುಗಳಲ್ಲಿ ಇದ್ದಿರಲೇಬೇಕು. ಸತ್ಯ ಹೊರಬಿದ್ದ ದಿನ ಅವರನ್ನು ಕಂಡು ನಕ್ಕವರೂ ಇದ್ದಿರಬೇಕು. ನಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆ ತಾಯಿಯ ಕಳವಳ ನಿಜವಾದದ್ದು, ಬೆರಳಿನ ನಡುಕ ನಿಜವಾದದ್ದು, ಪೊಟ್ಟಣದೊಳಗಿನ ಬೂದಿಯೂ ಯಾವುದೋ ಹಸುವಿನ ಸಗಣಿಯನ್ನು ಯಾರೋ ತಟ್ಟಿ ಸುಟ್ಟಿದ್ದರಿಂದ ಬಂದದ್ದೇ ಇದ್ದೀತು. ಅದು ಎಲ್ಲಿಂದ ಬಂತೆಂದು ಹೇಳಿದ ಮಾತೊಂದು ಮಾತ್ರ ಸುಳ್ಳು. ಗೂಡಿನಲ್ಲಿಟ್ಟಿದ್ದ ಆ ಪೊಟ್ಟಣವನ್ನು ಬಿಸಾಡಲು ಕೈ ಬಾರದೆ, ಹಚ್ಚಿಕೊಳ್ಳಲು ಮನಸ್ಸು ಬಾರದೆ, ಎಷ್ಟೋ ಮನೆಗಳಲ್ಲಿ ಅದು ಮಳೆಗಾಲದ ಥಂಡಿಗೆ ಕಲ್ಲಾಗಿ, ಕೊನೆಗೊಂದು ದಿನ ಮನೆ ಸಾರಿಸುವಾಗ ತುಳಸಿಯ ಬುಡಕ್ಕೋ ಹಿತ್ತಿಲ ಬಾಳೆಯ ಬುಡಕ್ಕೋ ಸೇರಿರಬೇಕು.